ಎರಡು ಪದ

ತೊರೆಹುಂಡಿಯ ಸರ್ಕಾರಿ ಶಾಲೆಗೆ ಕಂಪ್ಯೂಟರ್ ಬಂದ ದಿನ ಹೆಡ್‌ಮಾಸ್ಟರ್ ಸೋಮಯ್ಯನವರು ಅದಕ್ಕೆ ಮಂಗಳಾರತಿ ಎತ್ತಿದರು. ಟಿವಿಯಂಥ ಡಬ್ಬಕ್ಕೆ ಸೇವಂತಿಗೆ ಹಾರ, ಪಕ್ಕದ ಉದ್ದನೆಯ ಡಬ್ಬಕ್ಕೆ ವಿಭೂತಿ, ಕುಂಕುಮ. "ಇದು ಬರೀ ಮಿಷಿನ್ ಅಲ್ಲ ಮಕ್ಕಳೇ, ಸರಸ್ವತಿ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು" ಅಂದರು. ಚಪ್ಪಲಿಯೇ ಇಲ್ಲದ ಮಕ್ಕಳು ತಲೆಯಾಡಿಸಿದವು. ಮೇಷ್ಟ್ರಾದರೂ ಏನು ಮಾಡಿಯಾರು? ಮೈಸೂರಿಗೆ ಹೋಗಿ ತರಬೇತಿ ಪಡೆದು ಬಂದಿದ್ದರು ನಿಜ, ಆದರೆ ಅದರಲ್ಲಿ ಅವರ ತಲೆಗೆ ಹತ್ತಿದ್ದು ಮಿಷಿನ್ ಹಾಕುವುದು ಹೇಗೆ, ಆರಿಸುವುದು ಹೇಗೆ ಅನ್ನುವುದಷ್ಟೇ. ಹಾಕುವಾಗಲೂ ಉಸಿರು ಬಿಗಿಹಿಡಿದೇ ಹಾಕುತ್ತಿದ್ದರು.

ಸೋಮಯ್ಯನವರು ದಿನಾ ತಾಲ್ಲೂಕು ಊರಾದ ಕೋಟೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಅಂತರಸಂತೆ ದಾಟಿ ಕಾಡಿನ ಅಂಚಿಗೆ ಬರುವ ಬಸ್ಸು ಯಾವಾಗ ಬಂದೀತು, ಯಾವಾಗ ಕೈಕೊಟ್ಟೀತು ಹೇಳುವಂತಿಲ್ಲ. ಹಾಗಾಗಿ ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ಅವರು ಅಡುಗೆಯ ಚಿಕ್ಕಬೀರಮ್ಮನ ಕೈಗೆ ಕೊಟ್ಟರು. ಅವಳ ಮನೆ ಶಾಲೆಯ ಗೋಡೆಗೆ ಅಂಟಿಕೊಂಡೇ ಇತ್ತು. ಮಕ್ಕಳ ಬಿಸಿಯೂಟದ ಅಡುಗೆ ಅವಳದು, ಅಡುಗೆಮನೆಯ ಬೀಗದ ಕೈಯೂ ಅವಳ ಸೊಂಟದಲ್ಲೇ ಇತ್ತು. ಅದರ ಪಕ್ಕಕ್ಕೆ ಇನ್ನೊಂದು ಸೇರಿತು, ಅಷ್ಟೆ.

ಅಷ್ಟೆ ಅಂದೆ. ಆದರೆ ಚಿಕ್ಕಬೀರಮ್ಮನಿಗೆ ಆ ಕೋಣೆ ಮುಂದೆ ಏನಾಯಿತು ಅನ್ನುವುದನ್ನು ಹೇಳಬೇಕಾದರೆ ಅವಳ ಮಗಳ ವಿಷಯ ಹೇಳಬೇಕು.

ಮಗಳು ಅನುಗೆ ಆಗ ಒಂಬತ್ತು ವರ್ಷ. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಕೂಸು. ಅವ್ವ, ಹಾಲು ಅನ್ನುವಷ್ಟು ನಾಲಿಗೆ ತಿರುಗಿತ್ತು. ಆಮೇಲೆ ಬಂದ ಒಂದು ಜ್ವರ ಕಿವಿಯನ್ನು ಕಿತ್ತುಕೊಂಡು ಹೋಯಿತು, ಕಿವಿಯ ಹಿಂದೆಯೇ ಮಾತೂ ಹೋಯಿತು. ಊರಿನವರು ಅವಳನ್ನು ಮೂಗಿ ಅಂತಲೇ ಕರೆಯುತ್ತಿದ್ದರು. ಹೇಗೂ ಕೇಳಿಸುವುದಿಲ್ಲವಲ್ಲ ಅನ್ನುವ ಧೈರ್ಯ ಅವರದು. ತಾಯಿಗೆ ಕೇಳಿಸುತ್ತಿತ್ತು. ಯಾವುದೋ ಕ್ಯಾಂಪಿನಲ್ಲಿ ಕೊಟ್ಟ ಕಿವಿ ಮಿಷಿನ್ ಕುಂಯ್ ಅಂತ ಕೂಗಿಕೊಂಡು, ಹುಡುಗಿ ಹೆದರಿ ಅದನ್ನು ಬೇಲಿಯಾಚೆ ಎಸೆದಳು. ಕಿವಿ ಕೇಳದ ಮಕ್ಕಳ ಮೈಸೂರಿನ ಒಂದು ಶಾಲೆಗೂ ಕರೆದುಕೊಂಡು ಹೋಗಿ ಆಯಿತು. "ಇಷ್ಟು ತಡ ಮಾಡಿ ತಂದಿದೀರಲ್ಲಮ್ಮ, ಚಿಕ್ಕದರಲ್ಲೇ ತರಬೇಕಿತ್ತು" ಅಂದರು. ಚಿಕ್ಕದರಲ್ಲಿ ಅಂಥದೊಂದು ಶಾಲೆ ಇದೆ ಅಂತ ಹೇಳಿದವರು ಯಾರೂ ಇರಲಿಲ್ಲ. ಗಂಡ ಮಾದೇಶ ಸೋಮವಾರದ ಜೀಪು ಹತ್ತಿ ಕೊಡಗಿನ ತೋಟಕ್ಕೆ ಕೂಲಿಗೆ ಹೋದರೆ ಶನಿವಾರವೇ ಬರುವುದು. ಬಂದಾಗ ಮಗಳ ತಲೆ ಸವರುತ್ತಿದ್ದ. ಅವನಿಗೆ ಗೊತ್ತಿದ್ದ ಸನ್ನೆ ಅದೊಂದೇ.

ತಾಯಿ ಮಗಳ ನಡುವೆಯೂ ಬಹಳ ಸನ್ನೆಯೇನೂ ಇರಲಿಲ್ಲ. ಉಣ್ಣು, ಮಲಗು, ಬಾ. ಸ್ಟೇರಿಂಗ್ ತಿರುಗಿಸುವ ಹಾಗೆ ಕೈಯಾಡಿಸಿದರೆ ಅಪ್ಪ ಜೀಪಿನಲ್ಲಿ ಹೋದ ಅಂತ. ಹೊಟ್ಟೆ ನೋವು ಅನ್ನುವುದನ್ನು ಹುಡುಗಿ ಹೇಗೋ ತಿಳಿಸುತ್ತಿದ್ದಳು, ಯಾಕೆ ನೋವು ಅನ್ನುವುದನ್ನು ತಿಳಿಸುವ ದಾರಿ ಇರಲಿಲ್ಲ. ನಿನ್ನೆ, ನಾಳೆ, ಯಾಕೆ, ಆಮೇಲೆ ಇವೆಲ್ಲ ಅವರ ಮನೆಯಲ್ಲಿ ಇರಲೇ ಇಲ್ಲ. ಚಿಕ್ಕಬೀರಮ್ಮನಿಗೆ ರಾತ್ರಿ ಮಲಗಿದಾಗ ಬರುತ್ತಿದ್ದ ಯೋಚನೆ ಒಂದೇ: ನಾನು ಸತ್ತರೆ ಸತ್ತೆ ಅಂತ ಇವಳಿಗೆ ಹೇಳುವವರು ಯಾರು?

ಆ ಕಂಪ್ಯೂಟರಿಗೆ ಹೆದರದೆ ಇದ್ದವರು ಶಾಲೆಯಲ್ಲಿ ಒಬ್ಬರೇ, ಲಕ್ಷ್ಮಿದೇವಿ ಮೇಡಂ. ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆ.ಆರ್. ನಗರದ ಕಡೆಯವರು. ಕಂಪ್ಯೂಟರಿನ ಜೊತೆ ಬಂದಿದ್ದ ಸಿಡಿಗಳನ್ನು ಒಂದೊಂದಾಗಿ ಹಾಕಿ ತೋರಿಸುತ್ತಿದ್ದರು. ಪರದೆಯ ಮೇಲೆ ಒಂದು ಆನೆ ನಡೆದುಕೊಂಡು ಬರುತ್ತದೆ. ಅದರ ಕೆಳಗೆ ಅಕ್ಷರ ಒಂದೊಂದಾಗಿ ಬಂದು ಕೂರುತ್ತದೆ. ಹೆಂಗಸೊಬ್ಬಳು "ಆನೆ" ಅಂತ ರಾಗವಾಗಿ ಹೇಳುತ್ತಾಳೆ. ಆಮೇಲೆ ನಾಲ್ಕು ಚಿತ್ರದಲ್ಲಿ ಸರಿಯಾದದ್ದನ್ನು ಒತ್ತಿದರೆ ಗಿಳಿ ಹಾರುತ್ತದೆ, ತಪ್ಪಿದರೆ ಕೋತಿ ತಲೆ ಚಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಕೋತಿಯೇ ಇಷ್ಟ. ಬೇಕೆಂದೇ ತಪ್ಪು ಒತ್ತಿ ಬಿದ್ದು ಬಿದ್ದು ನಗುತ್ತಿದ್ದವು.

ಒಬ್ಬಳು ಮಾತ್ರ ತಪ್ಪು ಒತ್ತಲಿಲ್ಲ. ಅನು ಬಾಗಿಲ ಬಳಿ ನಿಂತು ಎಲ್ಲರ ಸರದಿಯನ್ನೂ ನೋಡಿದ್ದಳು. ಕೊನೆಗೆ ಮೇಡಂ ಕೈಹಿಡಿದು ಕೂರಿಸಿದಾಗ ಗಿಳಿಯ ಮೇಲೆ ಗಿಳಿ ಹಾರಿಸಿದಳು. ಉಳಿದ ಮಕ್ಕಳು ಹೆಂಗಸಿನ ದನಿ ಕೇಳುತ್ತಾ ಇದ್ದಾಗ ಇವಳು ಅಕ್ಷರವನ್ನು ನೋಡುತ್ತಾ ಇದ್ದಳಲ್ಲ. ಮೇಡಂಗೆ ವಿಷಯ ಹೊಳೆಯಿತು. ಅಂದಿನಿಂದ ಊಟದ ಹೊತ್ತಿನಲ್ಲಿ ಮಕ್ಕಳೆಲ್ಲ ಆಟಕ್ಕೆ ಹೋದಾಗ, ಕರೆಂಟಿದ್ದರೆ, ಅವರು ಅನುವನ್ನು ಒಬ್ಬಳನ್ನೇ ಕೂರಿಸಿಕೊಂಡರು. ತಾವು ಉಣ್ಣುವ ಹೊತ್ತನ್ನೇ ಕೊಟ್ಟರು ಅನ್ನುವುದನ್ನು ಮರೆಯಬಾರದು.

ಮಳೆಗಾಲದ ಒಂದು ದಿನ ಚಿಕ್ಕಬೀರಮ್ಮ ಸಾಂಬಾರಿಗೆ ಬದನೆಕಾಯಿ ಹೆಚ್ಚುತ್ತಿದ್ದಳು. ಅನು ಒಲೆಯಿಂದ ಇದ್ದಿಲು ತೆಗೆದುಕೊಂಡು ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಏನೋ ಗೀಚಿದಳು. ತಾಯಿ ಗದರಿಸಲು ಕೈ ಎತ್ತಿದರೆ ಹುಡುಗಿ ಗೋಡೆಯನ್ನು ತೋರಿಸುವುದು, ತಾಯಿಯ ಕೈಯನ್ನು ತೋರಿಸುವುದು, ಮತ್ತೆ ಗೋಡೆ. ಚಿಕ್ಕಬೀರಮ್ಮ ಓದಲೆಂದು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೇಡಂ ಅವರನ್ನು ಕೂಗಿದಳು.

"ಇದೇನ ಗೀಚವಳೆ ನೋಡಿ ಮೇಡಮ್ಮೋರೆ. ಗ್ವಾಡೆ ಎಲ್ಲಾ ಆಳ್ಮಾಡ್ತಾವಳೆ."

ಮೇಡಂ ನೋಡಿದರು. "ಬದನೆ ಅಂತ ಬರೆದಿದಾಳೆ, ಚಿಕ್ಕಬೀರಮ್ಮ. ನಿಮ್ಮ ಕೈಲಿರೋದು."

ಚಿಕ್ಕಬೀರಮ್ಮ ಅರ್ಧ ಹೆಚ್ಚಿದ ಬದನೆಕಾಯಿಯನ್ನು ಆ ಅಕ್ಷರಗಳ ಪಕ್ಕಕ್ಕೆ ಹಿಡಿದು ನೋಡಿದಳು. ಇಷ್ಟು ವರ್ಷ ಮಗಳ ಪಾಲಿಗೆ ಅದಕ್ಕೆ ಹೆಸರೇ ಇರಲಿಲ್ಲ. ಈಗ ಇದೆ, ಅದೂ ಗೋಡೆಯ ಮೇಲೆ ಇದೆ. ಅವಳು ಅತ್ತಳು, ಆಮೇಲೆ ನಕ್ಕಳು. ಆ ದಿನ ಸಾಂಬಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಮಕ್ಕಳು ಸಪ್ಪೆ ಸಾಂಬಾರನ್ನೇ ಉಂಡು ಎದ್ದವು.

ಅಲ್ಲಿಂದ ಗೋಡೆ ತುಂಬತೊಡಗಿತು. ಆನೆ, ಹಸು, ಮನೆ, ಬಸ್ಸು, ಅಮ್ಮ. ಚಿಕ್ಕಬೀರಮ್ಮನೂ ಕೆಲಸದ ನಡುವೆ ಕಂಪ್ಯೂಟರ್ ಕೋಣೆಯ ಕಿಟಕಿಯ ಸರಳು ಹಿಡಿದು ನಿಲ್ಲುವುದನ್ನು ಕಲಿತಳು. ಚಿತ್ರ ಬಂದರೆ ಅವಳ ಕಣ್ಣು ಕೆಳಗಿನ ಅಕ್ಷರಕ್ಕೆ ಹೋಗುತ್ತಿತ್ತು. ಮಗಳು ಕಲಿತ ಪದವನ್ನು ತಾಯಿಯೂ ಕಲಿಯಬೇಕು, ಇಲ್ಲದಿದ್ದರೆ ಬರೆದು ಪ್ರಯೋಜನವೇನು? ಒಂದು ಮಧ್ಯಾಹ್ನ ಅನು ಓಡಿಬಂದು ತಾಯಿಯ ಸೊಂಟದ ಬೀಗದ ಕೈಯನ್ನು ಎಳೆದು, ಅಡುಗೆಮನೆಯ ಬಾಗಿಲಲ್ಲಿ ತೂಗುತ್ತಿದ್ದ ಬೀಗವನ್ನು ಮುಟ್ಟಿ, ಬಾಗಿಲ ಮೇಲೆ ಬರೆದಳು: ಬೀಗ. ತಾಯಿ ಅದರ ಕೆಳಗೆ ತಾನೂ ಬರೆದಳು. ವಕ್ರವಾಗಿತ್ತು. ಮಗಳು ಅದನ್ನು ಅಳಿಸಿ, ಕೈಹಿಡಿದು ತಿದ್ದಿಸಿದಳು. ಒಂದು ಸಂಜೆ ಆ ಗೋಡೆಯ ಮುಂದೆ ಇಬ್ಬರೂ ಕೂತು, ಇವಳು ಆನೆ ತೋರಿಸಿದರೆ ಅವಳು ಕೈಯನ್ನೇ ಸೊಂಡಿಲು ಮಾಡಿ ಆಡಿಸುವುದು, ಅವಳು ಹಸು ತೋರಿಸಿದರೆ ಇವಳು ಕೊಂಬು ಮಾಡುವುದು, ಹೀಗೆ ಆಡುತ್ತಾ ಕತ್ತಲಾದದ್ದೇ ತಿಳಿಯಲಿಲ್ಲ. ಬೇರೆ ತಾಯಂದಿರು ಮಕ್ಕಳ ಜೊತೆ ಹರಟೆ ಹೊಡೆಯುವುದು ಅಂದರೆ ಇದೇ ಇರಬೇಕು ಅಂತ ಚಿಕ್ಕಬೀರಮ್ಮನಿಗೆ ಅನ್ನಿಸಿತು.

ದಸರಾ ರಜೆಗೆ ಶಾಲೆ ಮುಚ್ಚುವ ದಿನ ಲಕ್ಷ್ಮಿದೇವಿ ಮೇಡಂ ಅಡುಗೆಮನೆಗೆ ಬಂದರು. ಅವರಿಗೆ ಏಳು ತಿಂಗಳು ತುಂಬಿತ್ತು, ಹೆರಿಗೆಗೆ ತವರಿಗೆ ಹೊರಟಿದ್ದರು.

"ಈಗ ಇವಳಿಗೆ ಹೆಸರುಗಳು ಬಂದವು. ಹೆಸರು ಬಂದರೆ ಸಾಲದು, ಚಿಕ್ಕಬೀರಮ್ಮ. ಯಾರೂ ಹೇಳಿಕೊಡದೆ ತಾನಾಗೇ ಎರಡು ಪದ ಜೋಡಿಸಬೇಕು. ಆನೆ ಬಂತು, ಅಮ್ಮ ಮನೆ, ಏನೋ ಒಂದು. ಅವತ್ತು ಇವಳಿಗೆ ಭಾಷೆ ಬಂತು ಅಂತ ಲೆಕ್ಕ. ಆಮೇಲೆ ಯಾರೂ ತಡೆಯೋಕಾಗಲ್ಲ. ಆ ಮೈಸೂರಿನ ಶಾಲೆಗೂ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ."

"ಯಾವಾಗ ಬತ್ತದೆ ಮೇಡಮ್ಮೋರೆ ಅದು?"

"ಬಿಡದೆ ಕೂರಿಸಿದರೆ ಈ ವರ್ಷದೊಳಗೇ ಬರುತ್ತೆ. ರಜೆ ಮುಗಿದ ಮೇಲೆ ದಿನಾ ಸಿಡಿ ಹಾಕಿಕೊಡಿ ಅಂತ ಮೇಷ್ಟ್ರಿಗೆ ಹೇಳಿದೀನಿ. ನಿಲ್ಲಿಸಬೇಡಿ. ನಿಲ್ಲಿಸಿದರೆ ಕಲಿತದ್ದೂ ಹೋಗುತ್ತೆ."

ಚಿಕ್ಕಬೀರಮ್ಮ ಮೇಡಂಗೆ ಮಡಿಲು ತುಂಬಿದಳು. ಬಸ್ಸು ಹತ್ತಿಸಿ ಬಂದವಳು ಎರಡು ಪದ, ಎರಡು ಪದ ಅಂತ ಮನಸ್ಸಿನಲ್ಲೇ ಹೇಳಿಕೊಂಡಳು.

ಆಯುಧಪೂಜೆಯ ದಿನ ಬೆಳಗ್ಗೆ ಚಿಕ್ಕಬೀರಮ್ಮನ ತಮ್ಮ ನಿಂಗರಾಜುವಿನ ಮನೆಯ ಮುಂದೆ ನೀರೋ ನೀರು. ಅವನದು ರಾಗಿ ಬೀಸುವ ಮಿಲ್ಲು, ಜೊತೆಗೆ ಒಂದು ಟಿಲ್ಲರ್. ಆ ದಿನ ಹೊಟ್ಟೆಗೆ ಅನ್ನ ಕೊಡುವ ಸಾಮಾನಿಗೆಲ್ಲ ಸ್ನಾನ. ಟಿಲ್ಲರ್ ತೊಳೆದದ್ದಾಯಿತು, ನೇಗಿಲು, ಕುಡುಗೋಲು, ಮಚ್ಚು ತೊಳೆದದ್ದಾಯಿತು. ಮಿಲ್ಲಿನ ಮೋಟರಿಗೂ ನಿಂಗರಾಜು ಒದ್ದೆ ಬಟ್ಟೆ ಹಾಕಿ ತಿಕ್ಕುತ್ತಿದ್ದ.

"ಲೋ, ಕರೆಂಟಿಂದು ಕಣ್ಲಾ ಅದು" ಅಂದಳು ಅಕ್ಕ.

"ಮೈನ್ ಆಫ್ ಮಾಡಿವ್ನಿ ಬುಡಕ್ಕ. ಮೈನ್ ತಗ್ದು ತೊಳ್ದು ಬಿಸ್ಲಿಗೆ ಒಣಗಾಕುದ್ರೆ ಏನೂ ಆಗಾಕಿಲ್ಲ. ವರ್ಸ ವರ್ಸ ಮಾಡ್ತೀನಲ್ಲ" ಅಂದ ಅವನು.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಹೇಳಿದ್ದು ಮಿಲ್ಲಿನ ಮೋಟರಿಗೆ.

ಮನೆಗೆ ಬಂದು ಚಿಕ್ಕಬೀರಮ್ಮ ಮಾದೇಶನ ಮಚ್ಚನ್ನು ತೊಳೆದಳು, ಶಾಲೆಯ ದೊಡ್ಡ ಪಾತ್ರೆ, ಈಳಿಗೆಮಣೆಯನ್ನು ತೊಳೆದು ಬೊಟ್ಟಿಟ್ಟಳು. ಬೀದಿಯಲ್ಲಿ ಸೈಕಲ್ಲುಗಳಿಗೂ ಹಾರ ಬಿದ್ದಿತ್ತು. ಆಗ ಅವಳಿಗೆ ಕೋಣೆಯೊಳಗೆ ಕತ್ತಲಲ್ಲಿ ಕೂತಿದ್ದ ಆ ಸಾಮಾನಿನ ನೆನಪಾಯಿತು. ಊರಿನವರ ಆಯುಧಗಳೆಲ್ಲ ಮಿಂದು ಹೂ ಮುಡಿದಿವೆ, ನನ್ನ ಮಗಳಿಗೆ ಬಾಯಿ ಕೊಟ್ಟ ಆಯುಧ ಧೂಳು ಹಿಡಿದು ಕೂತಿದೆ. ಮೇಷ್ಟ್ರೇ ಅದನ್ನು ಸರಸ್ವತಿ ಅಂದಿದ್ದರು, ಮೇಷ್ಟ್ರೇ ಕುಂಕುಮ ಇಟ್ಟಿದ್ದರು. ಅದನ್ನು ಹಾಗೆ ಬಿಟ್ಟರೆ ತಾನು ಉಂಡ ಮನೆಯ ಋಣ ಮರೆತಂತೆ ಅಂತ ಅವಳಿಗೆ ಬಲವಾಗಿ ಅನ್ನಿಸಿತು. ಸೊಂಟದ ಬೀಗದ ಕೈ ತೆಗೆದಳು.

ದಡ್ಡಿ ಅನ್ನುವವರು ಅನ್ನಲಿ. ಅವಳು ಮಾಡಿದ ಜೋಪಾನವನ್ನೂ ಕೇಳಿ. ಮೊದಲು ಗೋಡೆಯ ಮೈನ್ ಆಫ್ ಮಾಡಿದಳು. ವಯರನ್ನೆಲ್ಲ ಬಿಚ್ಚಿ ಸುತ್ತಿಟ್ಟಳು. ಮೇಡಂ ಬಿಚ್ಚಿ ಸಿಕ್ಕಿಸುವುದನ್ನು ಕಿಟಕಿಯಿಂದ ನೋಡಿದ್ದಳು. ಟಿವಿಯಂಥ ಡಬ್ಬವನ್ನು ಮಗುವಿನಂತೆ ತಬ್ಬಿಕೊಂಡು ಹೊರಗೆ ತಂದು ಜಗಲಿಯ ಮೇಲೆ ಚಾಪೆ ಹಾಸಿ ಇಟ್ಟಳು. ಅನು ಅಕ್ಷರದ ಹಲಗೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೀಗೆಪುಡಿ, ಹಳೆಯ ಪಂಚೆಯ ಮೆತ್ತನೆ ಚೂರು. ಬಟ್ಟೆಯಿಂದ ಗಾಜು ಉಜ್ಜಿದಳು. ಡಬ್ಬದ ನೆತ್ತಿಯ ಮೇಲಿನ ಸಣ್ಣ ಸಣ್ಣ ಸೀಳುಗಳಲ್ಲಿ ಧೂಳು ಕೂತಿತ್ತು. ಅದು ಉಜ್ಜಿದರೆ ಹೋಗಲಿಲ್ಲ. ಚೊಂಬು ಬಗ್ಗಿಸಿ ಮೆಲ್ಲಗೆ ನೀರು ಬಿಟ್ಟಳು. ಪಕ್ಕದ ಡಬ್ಬಕ್ಕೂ ಹಾಗೆಯೇ. ಅನುಗೆ ಖುಷಿಯೋ ಖುಷಿ, ತಾನೂ ಬೊಗಸೆಯಲ್ಲಿ ನೀರು ತಂದು ತಂದು ಸುರಿದಳು.

ಹೊತ್ತು ಇಳಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಸೆರಗಿನಿಂದ ಒರೆಸಿ, ಮತ್ತೆ ಒಳಗಿಟ್ಟು ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಹೂ ಮುಡಿಸಿದಳು. ಕರ್ಪೂರ ಹಚ್ಚಿದಾಗ ಅನು ಕೈಮುಗಿದು, ಹಣೆಯನ್ನು ಗಾಜಿಗೆ ತಾಗಿಸಿ, ಆಮೇಲೆ ತಾಯಿಯ ಕುಂಕುಮದ ಕೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಚಿಕ್ಕಬೀರಮ್ಮನ ಬದುಕಿನಲ್ಲಿ ಅಷ್ಟು ಸುಖದ ದಿನ ಇನ್ನೊಂದು ಇರಲಿಲ್ಲ. ಮುಂದೆಯೂ ಬರಲಿಲ್ಲ.

ರಜೆ ಮುಗಿದು ಶಾಲೆ ತೆರೆದ ದಿನ ಸೋಮಯ್ಯನವರು, ರಜೆಗೆಂದು ಮೇಡಂ ಬಿಚ್ಚಿಟ್ಟಿರಬೇಕು ಅಂದುಕೊಂಡು, ಹೇಗೋ ವಯರುಗಳನ್ನು ಅದರದರ ತೂತಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದರು. ಟಪ್ ಅಂತ ಒಂದು ಸದ್ದು. ಆಮೇಲೆ ಸುಟ್ಟ ವಾಸನೆ. ಮೇಷ್ಟ್ರು ಹಾರಿ ಹಿಂದಕ್ಕೆ ಬಂದರು. ಆಗ ಅವರ ಕಣ್ಣಿಗೆ ವಿಭೂತಿ ಬಿತ್ತು, ಒಣಗಿದ ಹೂ ಬಿತ್ತು, ಸೀಳುಗಳ ಸುತ್ತ ಸೀಗೆಪುಡಿಯ ಕಲೆ ಬಿತ್ತು.

"ಅಬ್ಬಕ್ಕೆ ತೊಳ್ದು ಪೂಜೆ ಮಾಡಿದ್ದೆ ಸಾ" ಅಂದಳು ಚಿಕ್ಕಬೀರಮ್ಮ. ಆ ಕ್ಷಣದವರೆಗೂ ಅವಳಿಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಸೋಮಯ್ಯನವರು ಕುರ್ಚಿಯಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅರ್ಧ ಭಾರ ಇಳಿಯುತ್ತಿತ್ತೇನೋ. ಮೊದಲ ಕುಂಕುಮ ಇಟ್ಟವರು ತಾವೇ ಅನ್ನುವುದು ಅವರಿಗೂ ನೆನಪಾಗಿರಬೇಕು.

"ನೀರು ಒಳಗೆ ಹೋಗಿ ಎಲ್ಲಾ ಸುಟ್ಟುಹೋಗಿದೆ ಕಣಮ್ಮ. ಇನ್ನು ಇದು ಏಳಲ್ಲ" ಅಂದರು. ಬಾಗಿಲ ಕಡೆ ಒಮ್ಮೆ ನೋಡಿ, "ಸಿಡಿಲು ಹೊಡೀತು ಅಂತ ಮೇಲಿನವರಿಗೆ ಹೇಳ್ತೀನಿ. ಇಲ್ಲದಿದ್ರೆ ನಿನ್ನ ಕೆಲಸವೂ ಹೋಗುತ್ತೆ, ನನ್ನ ತಲೆಗೂ ಬರುತ್ತೆ. ಅವರು ಬಂದು ನೋಡೋವರೆಗೆ ಬಾಗಿಲು ತೆಗೀಬೇಡ" ಅಂದರು. ಯಾರಾದರೂ ಹಾಕಿಬಿಟ್ಟಾರು ಅಂತ ವಯರನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡು ಕೋಟೆಗೆ ಒಯ್ದರು.

"ಮೇಡಮ್ಮೋರು ಬಂದ್ರೆ ಸರಿ ಮಾಡಾಕಿಲ್ವಾ ಸಾ?"

"ಅವರು ರಜಾ ಮುಂದುವರಿಸಿದಾರೆ. ಕೂಸಾದ ಮೇಲೆ ಅತ್ತಲಾಗೇ ವರ್ಗ ಮಾಡಿಸ್ಕೋತಾರಂತೆ."

ಮೇಲಿನವರು ಬರಲಿಲ್ಲ. ಕಾಡಂಚಿನ ಒಂದು ಹಳ್ಳಿಯ ಒಂದು ಕಂಪ್ಯೂಟರಿಗೆ ಸಿಡಿಲು ಹೊಡೆದರೆ ಜೀಪು ಹತ್ತಿಕೊಂಡು ಬರುವವರು ಯಾರು? ಬರುವುದಿಲ್ಲ ಅಂತ ಸೋಮಯ್ಯನವರಿಗೂ ಗೊತ್ತಿತ್ತು.

ಇದೆಲ್ಲ ಕಿವಿ ಇದ್ದವರ ನಡುವೆ ಆದದ್ದು. ಅನುಗೆ ಕಂಡದ್ದು ಇಷ್ಟು: ಹಬ್ಬದ ದಿನ ಅಮ್ಮ ಅದನ್ನು ಚಂದವಾಗಿ ತೊಳೆದು, ಒಳಗಿಟ್ಟು, ಬೀಗ ಹಾಕಿದಳು. ಆಮೇಲೆ ತೆಗೆಯುತ್ತಿಲ್ಲ.

ಊಟದ ಹೊತ್ತಾದರೆ ಹುಡುಗಿ ಬಂದು ಸೊಂಟದ ಬೀಗದ ಕೈ ಎಳೆಯುತ್ತಿದ್ದಳು. ತಾಯಿ ಇಲ್ಲ ಅಂತ ಕೈಯಾಡಿಸುತ್ತಿದ್ದಳು. ಇಲ್ಲ ಅನ್ನುವ ಸನ್ನೆ ಇತ್ತು, ಯಾಕೆ ಇಲ್ಲ ಅನ್ನುವುದಕ್ಕೆ ಇರಲಿಲ್ಲ. ಮರುದಿನ ಮತ್ತೆ ಅದೇ. ಎಳೆತ ದಿನದಿಂದ ದಿನಕ್ಕೆ ಜೋರಾಯಿತು. ಅನ್ನದ ತಟ್ಟೆಯನ್ನು ತಳ್ಳಿದಳು, ಗೋಡೆಯ ಮೇಲಿನ ಆಟಕ್ಕೆ ಕರೆದರೆ ಬರಲಿಲ್ಲ. ಹಳೆಯ ಪದಗಳನ್ನು ಒಲೆಯ ಹೊಗೆ ಮೆಲ್ಲಗೆ ನುಂಗತೊಡಗಿತ್ತು.

ಒಂದು ಭಾನುವಾರ ಚಿಕ್ಕಬೀರಮ್ಮನಿಗೆ ತಡೆಯಲಾಗಲಿಲ್ಲ. ಮೇಷ್ಟ್ರ ಮಾತು ಮೀರಿ ಬಾಗಿಲು ತೆಗೆದು ಮಗಳನ್ನು ಒಳಗೆ ಕರೆದುಕೊಂಡು ಹೋದಳು. ನೋಡು, ಸತ್ತುಹೋಗಿದೆ ಅಂತ ತೋರಿಸಿದರೆ ಸಾಕು ಅಂದುಕೊಂಡಳು. ಅನು ಓಡಿಹೋಗಿ ಗುಂಡಿ ಒತ್ತಿದಳು. ಗಾಜು ಕಪ್ಪಗೇ ಇತ್ತು. ಹುಡುಗಿ ಜಾಣೆ, ಹಿಂದಕ್ಕೆ ಹೋಗಿ ನೋಡಿದಳು. ವಯರ್ ಇಲ್ಲ. ತಿರುಗಿ ತಾಯಿಯ ಮುಖ ನೋಡಿದಳು, ಸೊಂಟ ನೋಡಿದಳು, ಎಲ್ಲಿ ಬಚ್ಚಿಟ್ಟೆ ಅನ್ನುವ ಹಾಗೆ ಸೆರಗನ್ನು ಹಿಡಿದು ಜಾಲಾಡಿದಳು.

ಚಿಕ್ಕಬೀರಮ್ಮ ಚೊಂಬು ಬಗ್ಗಿಸುವ ಹಾಗೆ ಕೈ ಮಾಡಿದಳು. ಡಬ್ಬದ ನೆತ್ತಿ ತೋರಿಸಿದಳು. ತನ್ನ ಎದೆ ತೋರಿಸಿದಳು, ನಾನು, ನಾನೇ. ಮತ್ತೆ ಕೈ ಬಗ್ಗಿಸಿದಳು, ಕತ್ತು ವಾಲಿಸಿ ಕಣ್ಣು ಮುಚ್ಚಿ ಸತ್ತವರ ಹಾಗೆ ಮಾಡಿದಳು. ಅನು ಎಲ್ಲವನ್ನೂ ಗಮನವಿಟ್ಟು ನೋಡಿದಳು. ಅವಳ ಮುಖ ಬೆಳಗಿತು. ಓಡಿಹೋಗಿ ಅಡುಗೆಮನೆಯಿಂದ ಒಂದು ಚೊಂಬು ತುಂಬ ನೀರು ತಂದಳು. ತೊಳೆಯಬೇಕು ಅಂತ ಅಮ್ಮ ಹೇಳುತ್ತಿದ್ದಾಳೆ, ತೊಳೆದರೆ ಎದ್ದೀತು. ಡಬ್ಬದ ಮೇಲೆ ಸುರಿದೇಬಿಟ್ಟಳು.

ಚಿಕ್ಕಬೀರಮ್ಮ ಚೊಂಬನ್ನು ಕಿತ್ತುಕೊಂಡು ಮಗಳ ಕೆನ್ನೆಗೆ ಹೊಡೆದಳು. ಎಂದೂ ಹೊಡೆದವಳಲ್ಲ. ತನಗೆ ಹೊಡೆದುಕೊಳ್ಳಬೇಕಾದ ಏಟು ಅದು, ಬಿದ್ದದ್ದು ಅಲ್ಲಿ. ತಬ್ಬಿಕೊಳ್ಳಲು ಹೋದರೆ ಹುಡುಗಿ ಕೊಸರಿಕೊಂಡು ಹೊರಗೆ ಓಡಿದಳು. ತಾಯಿ ನೆಲದ ನೀರು ಒರೆಸಿ, ಬಾಗಿಲು ಎಳೆದು, ಮತ್ತೆ ಬೀಗ ಹಾಕಿದಳು. ಆಟದ ಮೈದಾನದ ಆಚೆ ತುದಿಯಿಂದ ಅನು ಅದನ್ನೂ ನೋಡಿದಳು.

ಸೋಮವಾರ ಬೆಳಗ್ಗೆ ಚಿಕ್ಕಬೀರಮ್ಮ ಅಕ್ಕಿಗೆ ಎಸರಿಟ್ಟು, ಸೌದೆ ತರಲು ಹಿತ್ತಲಿಗೆ ಹೋಗಿ ಬಂದಾಗ ಅನು ಗೋಡೆಯ ಮುಂದೆ ನಿಂತಿದ್ದಳು. ಕೈಯಲ್ಲಿ ಇದ್ದಿಲು. ಎಷ್ಟೋ ದಿನದ ಮೇಲೆ ಮಗಳು ಇದ್ದಿಲು ಹಿಡಿದದ್ದು ಕಂಡು ತಾಯಿಯ ಎದೆ ಹಿಗ್ಗಿತು. ಸೌದೆಯನ್ನು ಕೆಳಗಿಟ್ಟು ಹತ್ತಿರ ಬಂದಳು. ಹಳೆಯ ಪದಗಳ ಕೆಳಗೆ, ಖಾಲಿ ಜಾಗದಲ್ಲಿ, ದೊಡ್ಡ ಅಕ್ಷರದಲ್ಲಿ ಹೊಸದಾಗಿ ಬರೆದಿತ್ತು. ಓದಿ ಹೇಳಲು ಮೇಡಂ ಇರಲಿಲ್ಲ. ಬೇಕಾಗಲೂ ಇಲ್ಲ. ಅವಳಿಗೆ ಬರುತ್ತಿದ್ದ ಬೆರಳೆಣಿಕೆಯ ಪದಗಳಲ್ಲೇ ಆ ಎರಡೂ ಇದ್ದವು.

ಅಮ್ಮ ಬೀಗ.

ಎರಡು ಪದ. ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳು ತಾನಾಗೇ ಜೋಡಿಸಿದ್ದಳು. ಮೇಡಂ ಹೇಳಿದ್ದ ದಿನ ಇದೇ, ಚಿಕ್ಕಬೀರಮ್ಮ ದೇವರಿಗೆ ಹರಕೆ ಹೊತ್ತು ಕಾದ ದಿನ. ಹುಡುಗಿ ಇದ್ದಿಲನ್ನು ತಾಯಿಯ ಕೈಗೆ ಕೊಟ್ಟು, ಉತ್ತರಕ್ಕೆ ಕಾದು ನಿಂತಳು.

ಚಿಕ್ಕಬೀರಮ್ಮ ಗೋಡೆಯ ಹತ್ತಿರ ಹೋದಳು. ಅಮ್ಮ ಅಂತ ಬರೆದಳು. ಮುಂದಕ್ಕೆ ತನಗೆ ಗೊತ್ತಿದ್ದ ಪದಗಳನ್ನೆಲ್ಲ ಹುಡುಕಿದಳು. ಆನೆ, ಹಸು, ಮನೆ, ಬಸ್ಸು, ಬದನೆ. ಗೊತ್ತಾಗಲಿಲ್ಲ ಕಣವ್ವ, ನಿನಗಾಗೇ ಮಾಡಿದೆ, ಹಾಳಾಯಿತು ಅನ್ನುವುದು ಇವುಗಳಲ್ಲಿ ಯಾವುದರಿಂದಲೂ ಆಗುವಂತಿರಲಿಲ್ಲ. ಅದನ್ನೆಲ್ಲ ಕಲಿಸಬೇಕಾಗಿದ್ದದ್ದು ಬೀಗದೊಳಗೆ ಇತ್ತು. ಇದ್ದಿಲು ಹಿಡಿದ ಕೈ ಗೋಡೆಯ ಮೇಲೆಯೇ ನಿಂತಿತು.

ಅನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ, ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒರಗಿ, ತಾಯಿಯ ಕಡೆಗೆ ಬೆನ್ನು ಮಾಡಿ ಕೂತಳು. ಚಿಕ್ಕಬೀರಮ್ಮ ಅವಳನ್ನು ಹೆಸರು ಹಿಡಿದು ಕೂಗಿದಳು, ಕೇಳಿಸುವ ಮಗುವನ್ನು ಕೂಗುವ ಹಾಗೆ, ಮತ್ತೆ ಮತ್ತೆ ಕೂಗಿದಳು.